ಉತ್ಸವಕ್ಕೆ ಬಂದವರು ಎರಡು ದಿನ ಉಳಿಯಲಿ: ಮಂಗಳೂರು–ಉಡುಪಿ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿಗೆ ಬರುವವರೂ ಅವರನ್ನು ಬರಮಾಡಿಕೊಳ್ಳುವ ಊರಿನವರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಘಟ್ಟದ ಮೇಲಿನ ಗೆಳೆಯರು "ಯಾವಾಗ ಬರಲಿ?" ಎನ್ನುತ್ತಾರೆ. ಹೋಮ್‌ಸ್ಟೇ ನಡೆಸುವವರು "ಜನ ಒಂದೇ ರಾತ್ರಿ ಇದ್ದು ಹೋಗ್ತಾರಲ್ಲ" ಎನ್ನುತ್ತಾರೆ. ಯುವಕ ಮಂಡಲದವರು "ನಾವೂ ಏನಾದ್ರೂ ಮಾಡೋಣ" ಎನ್ನುತ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಕರಾವಳಿಗೆ ಜನ ಬರುವುದು ಬೀಚಿಗೆ ತಾನೆ? ಉತ್ಸವ, ಕಂಬಳಕ್ಕೆಂದೇ ಯಾರು ಬರುತ್ತಾರೆ?

ಬೀಚಿಗೂ ಬರುತ್ತಾರೆ, ದೇವರ ದರ್ಶನಕ್ಕೂ ಬರುತ್ತಾರೆ. ಆದರೆ ಬೀಚು ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಹಾಗಾಗಿ "ಇನ್ನೊಮ್ಮೆ ಹೋದರಾಯ್ತು" ಎಂದು ಮುಂದೂಡುವುದು ಸುಲಭ. ಉತ್ಸವಕ್ಕೆ ತಾರೀಕು ಇರುತ್ತದೆ. ಜನವರಿ 18ರ ಬೆಳಗಿನ ಜಾವ ಉಡುಪಿಯಲ್ಲಿ ಇರದಿದ್ದರೆ ಕೃಷ್ಣನ ಪೂಜೆಯ ಸರದಿ ಮಠದಿಂದ ಮಠಕ್ಕೆ ಬದಲಾಗುವ 'ಪರ್ಯಾಯ' ಉತ್ಸವ ಮತ್ತೆ ಸಿಗುವುದು ಎರಡು ವರ್ಷ ಕಳೆದ ಮೇಲೆ. ಈ ತಾರೀಕೇ ಜನರನ್ನು ಮನೆಯಿಂದ ಹೊರಡಿಸುತ್ತದೆ.

ಇನ್ನೊಂದು ವಿಷಯವನ್ನು ಪ್ರವಾಸೋದ್ಯಮದ ಮಾತುಕತೆಯಲ್ಲಿ ಹೆಚ್ಚು ಜನ ಹೇಳುವುದಿಲ್ಲ. ಇಲ್ಲಿನ ಉತ್ಸವಗಳ ಮೊದಲ ಪ್ರವಾಸಿಗರು ಊರು ಬಿಟ್ಟು ಹೋದ ನಮ್ಮವರೇ. ಮುಂಬೈ, ಬೆಂಗಳೂರು, ದುಬೈಯಲ್ಲಿ ಇರುವವರು ಕುಟುಂಬದ ನೇಮಕ್ಕೆ (ದೈವದ ಆರಾಧನೆಗೆ), ಊರಿನ ಜಾತ್ರೆಗೆ, ದಸರಾಕ್ಕೆ ರಜೆ ಹಾಕಿ ಬರುತ್ತಾರೆ. ಬರುವಾಗ ಆಫೀಸಿನ ಗೆಳೆಯರನ್ನೂ ಕರೆದುಕೊಂಡು ಬರುತ್ತಾರೆ. ಆ ಗೆಳೆಯರು ಮುಂದಿನ ಸಲ ತಾವಾಗಿಯೇ ಬರುತ್ತಾರೆ. ಯಾವ ಜಾಹೀರಾತೂ ಇಷ್ಟು ಕೆಲಸ ಮಾಡುವುದಿಲ್ಲ.

ದಸರಾ ಅಂದರೆ ಮೈಸೂರು ಅಲ್ವಾ? ಮಂಗಳೂರಿಗೆ ಯಾಕೆ ಬರಬೇಕು?

ಮೈಸೂರಿನದು ಅರಮನೆಯ ದಸರಾ. ಮಂಗಳೂರಿನದು ಬೀದಿಯ ದಸರಾ. ಎರಡೂ ನೋಡಬೇಕಾದ್ದೇ.

ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದರು. ಎಷ್ಟೋ ಜನರನ್ನು ದೇವಸ್ಥಾನದ ಒಳಗೆ ಬಿಡದ ಕಾಲ ಅದು. ಆಗ ಎಲ್ಲರಿಗೂ ಬಾಗಿಲು ತೆರೆದ ಜಾಗ ಕುದ್ರೋಳಿ. 1991ರಲ್ಲಿ ದೇವಸ್ಥಾನ ಹೊಸ ರೂಪ ಪಡೆಯಿತು. ಆ ಕೆಲಸದ ಮುಂದಾಳು ಬಿ. ಜನಾರ್ದನ ಪೂಜಾರಿ. ಆಮೇಲೆ ಇಲ್ಲಿನ ನವರಾತ್ರಿ ಇಡೀ ಊರಿನ ಹಬ್ಬವಾಗಿ ಬೆಳೆಯಿತು. ಶಾರದೆ, ಗಣಪತಿ, ನವದುರ್ಗೆಯರ ದೊಡ್ಡ ದೊಡ್ಡ ಮೂರ್ತಿಗಳನ್ನು ಕೂರಿಸುತ್ತಾರೆ. ಕೊನೆಗೆ ಶೋಭಾಯಾತ್ರೆ. ಸಂಜೆ ಹೊರಟ ಮೆರವಣಿಗೆ ನಗರ ಸುತ್ತಿ ದೇವಸ್ಥಾನಕ್ಕೆ ಮರಳುವಾಗ ಬೆಳಗಾಗಿರುತ್ತದೆ. ಮೂರ್ತಿಗಳ ವಿಸರ್ಜನೆ ದೇವಸ್ಥಾನದ ಕೆರೆಯಲ್ಲೇ.

ಅದೇ ದಿನಗಳಲ್ಲಿ ರಥಬೀದಿಯ ಶಾರದಾ ಉತ್ಸವವೂ ಇರುತ್ತದೆ. ಅದಕ್ಕೆ ನೂರು ವರ್ಷ ದಾಟಿದೆ. ಮಂಗಳಾದೇವಿಯಲ್ಲಿ ರಥೋತ್ಸವ ಉಂಟು. ಇದರಲ್ಲಿ ಯಾವುದಕ್ಕೂ ಟಿಕೆಟ್ ಇಲ್ಲ, ವಿಐಪಿ ಗ್ಯಾಲರಿಯ ಹಂಗಿಲ್ಲ. ಅಂಗಡಿ ಜಗಲಿಯಲ್ಲಿ ನಿಂತು ನೋಡಿದರಾಯ್ತು. ಮೆರವಣಿಗೆಯ ದಾರಿಯಲ್ಲಿ ಆ ರಾತ್ರಿ ಕಾರು ತೆಗೆಯುವ ಆಸೆ ಮಾತ್ರ ಬೇಡ.

ಹುಲಿವೇಷವನ್ನು ಹತ್ತಿರದಿಂದ ನೋಡಬೇಕು. ಎಲ್ಲಿಗೆ ಬರಲಿ?

ಮಂಗಳೂರಿನಲ್ಲಿ ನವರಾತ್ರಿಗೆ ಬನ್ನಿ. ಉಡುಪಿಯಲ್ಲಿ ಕೃಷ್ಣಾಷ್ಟಮಿಗೆ, ಅದರ ಮರುದಿನದ ವಿಟ್ಲಪಿಂಡಿಗೆ ಬನ್ನಿ. ಎರಡೂ ಕಡೆಯ ಹುಲಿಗಳ ಹೆಜ್ಜೆ, ಬಣ್ಣ ಬೇರೆ ಬೇರೆ. ಯಾವುದು ಚೆಂದ ಎಂದು ಇಲ್ಲಿನವರನ್ನು ಕೇಳಿದರೆ ಮಾತು ಬೇಗ ಮುಗಿಯುವುದಿಲ್ಲ.

ಈಗ ಮೈದಾನಗಳಲ್ಲಿ ಸ್ಪರ್ಧೆಗಳೂ ನಡೆಯುತ್ತವೆ. ವೇದಿಕೆ, ಲೈಟು, ತೀರ್ಪುಗಾರರು ಎಲ್ಲ ಇರುತ್ತಾರೆ. ಅಕ್ಕಿಮುಡಿಯನ್ನು (ಹುಲ್ಲು ಸುತ್ತಿ ಕಟ್ಟಿದ ಅಕ್ಕಿಯ ಮೂಟೆಯನ್ನು) ಹಲ್ಲಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ ಸಾಹಸ ಅಲ್ಲಿ ಚೆನ್ನಾಗಿ ಕಾಣುತ್ತದೆ. ಪಟ್ಟಾಗಿ ಕೂತು ನೋಡಬೇಕೆಂದರೆ ಅದು ಒಳ್ಳೆಯದು. ಆದರೆ ನನ್ನ ಸಲಹೆ ಬೇರೆ. ತಂಡ ಬಣ್ಣ ಹಾಕಿಕೊಳ್ಳುವ ಜಾಗಕ್ಕೆ ಹೋಗಿ. ರಾತ್ರಿಯಿಡೀ ನಿಂತುಕೊಂಡೇ ಬಣ್ಣ ಬಳಿಸಿಕೊಳ್ಳುತ್ತಾರೆ. ಬಣ್ಣ ಒಣಗುವ ತನಕ ಕೂರುವಂತಿಲ್ಲ, ಮಲಗುವಂತಿಲ್ಲ. ಆಮೇಲೆ ದೇವರ ಮುಂದೆ ಊದು (ಧೂಪ) ಹಾಕುತ್ತಾರೆ. ತಾಸೆ ವಾದ್ಯದ ಮೊದಲ ಪೆಟ್ಟು ಬಿದ್ದಾಗ ಸುತ್ತ ನಿಂತವರ ಕಾಲೂ ತಾನಾಗಿ ಕುಣಿಯುತ್ತದೆ. ಎಷ್ಟೋ ಜನ ಹರಕೆ ಹೊತ್ತು ಹುಲಿಯಾಗುತ್ತಾರೆ. ಇದು ಗೊತ್ತಿದ್ದು ನೋಡಿದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಕೃಷ್ಣಾಷ್ಟಮಿಗೆ ಉಡುಪಿಗೆ ಬರುತ್ತೇವೆ. ಕ್ಯಾಲೆಂಡರಿನಲ್ಲಿ ಇರುವ ದಿನವೇ ತಾನೆ?

ದಯವಿಟ್ಟು ಟಿಕೆಟ್ ಮಾಡುವ ಮೊದಲು ಇದನ್ನು ಓದಿ. ಉಡುಪಿಯಲ್ಲಿ ಸೌರಮಾನದ ಲೆಕ್ಕ. ಸಿಂಹಮಾಸ, ರೋಹಿಣಿ ನೋಡಿ ದಿನ ಹಿಡಿಯುತ್ತಾರೆ. ಕೆಲವು ವರ್ಷ ಬೇರೆ ಕಡೆಯ ಅಷ್ಟಮಿಗೂ ಇಲ್ಲಿನದಕ್ಕೂ ತಿಂಗಳಷ್ಟು ವ್ಯತ್ಯಾಸ ಬರುತ್ತದೆ. 2025ರಲ್ಲಿ ದೇಶದ ಹೆಚ್ಚಿನ ಕಡೆ ಆಗಸ್ಟ್ 16ರ ಹೊತ್ತಿಗೆ ಆಚರಿಸಿದರು. ಉಡುಪಿಯಲ್ಲಿ ಆಚರಿಸಿದ್ದು ಸೆಪ್ಟೆಂಬರ್ 14ಕ್ಕೆ. ಮರುದಿನ ವಿಟ್ಲಪಿಂಡಿ. ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆಯುವುದು, ಕೃಷ್ಣನ ಮಣ್ಣಿನ ಮೂರ್ತಿಯ ಮೆರವಣಿಗೆ, ವೇಷಗಳ ಗದ್ದಲ ಎಲ್ಲ ಆ ದಿನವೇ. ಆದ್ದರಿಂದ ಮಠದ ಪಂಚಾಂಗ ನೋಡಿ, ಇಲ್ಲವೇ ಊರಿನಲ್ಲಿ ಯಾರನ್ನಾದರೂ ಕೇಳಿ ದಿನ ಖಚಿತ ಮಾಡಿಕೊಳ್ಳಿ.

ಪರ್ಯಾಯ ಎಂದರೇನು? ಎರಡು ವರ್ಷಕ್ಕೊಮ್ಮೆ ಬರುವ ಉತ್ಸವದಿಂದ ಊರಿಗೆ ಎಷ್ಟು ಪ್ರಯೋಜನ?

ಉಡುಪಿಯ ಕೃಷ್ಣನ ಪೂಜೆ ಎಂಟು ಮಠಗಳಿಗೆ ಸೇರಿದ್ದು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ. ಒಂದೊಂದು ಮಠಕ್ಕೆ ಎರಡು ವರ್ಷದ ಸರದಿ. ಮೊದಲು ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಸರದಿಯನ್ನು 16ನೇ ಶತಮಾನದಲ್ಲಿ ಸೋದೆಯ ವಾದಿರಾಜರು ಎರಡು ವರ್ಷಕ್ಕೆ ತಂದರು. ಹೊಸ ಸ್ವಾಮೀಜಿ ಸರ್ವಜ್ಞ ಪೀಠ ಏರುವ ದಿನವೇ ಪರ್ಯಾಯ. 2024ರಲ್ಲಿ ಪುತ್ತಿಗೆ, 2026ರಲ್ಲಿ ಶಿರೂರು. ಸಮ ಸಂಖ್ಯೆಯ ವರ್ಷ ಎಂದು ನೆನಪಿಟ್ಟುಕೊಂಡರೆ ಸಾಕು.

ಜನವರಿ 17ರ ರಾತ್ರಿ ಉಡುಪಿ ಮಲಗುವುದಿಲ್ಲ. ಸ್ವಾಮೀಜಿ ಕಾಪುವಿನ ದಂಡತೀರ್ಥದಲ್ಲಿ ಸ್ನಾನ ಮುಗಿಸಿ ಜೋಡುಕಟ್ಟೆಗೆ ಬರುತ್ತಾರೆ. ಅಲ್ಲಿಂದ ಸ್ತಬ್ಧಚಿತ್ರ, ಚೆಂಡೆ, ಭಜನೆ, ವೇಷಗಳ ಜೊತೆ ಮೆರವಣಿಗೆ ರಥಬೀದಿಗೆ ಸಾಗುತ್ತದೆ. ಬೀದಿ ಬದಿಯಲ್ಲಿ ಅಜ್ಜಿಯಂದಿರಿಂದ ಮಕ್ಕಳವರೆಗೆ ಎಲ್ಲರೂ ಕೂತಿರುತ್ತಾರೆ. ಹೋಟೆಲುಗಳು ರಾತ್ರಿಯಿಡೀ ತೆರೆದಿರುತ್ತವೆ.

ಪ್ರಯೋಜನದ ವಿಷಯಕ್ಕೆ ಬಂದರೆ, ಒಂದು ರಾತ್ರಿಯನ್ನು ಮಾತ್ರ ನೋಡಿ ಲೆಕ್ಕ ಹಾಕಬಾರದು. ಪರ್ಯಾಯದ ತಯಾರಿ ಒಂದು ವರ್ಷದ ಮೊದಲೇ ಶುರುವಾಗುತ್ತದೆ. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಒಂದರ ಹಿಂದೆ ಒಂದು. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಪೇರಿಸುವುದನ್ನು ನೋಡಲೆಂದೇ ಬರುವವರಿದ್ದಾರೆ. ಪರ್ಯಾಯದ ಮೊದಲು ಊರೂರಿನಿಂದ ಹಸಿರು ಹೊರೆಕಾಣಿಕೆ ಬರುತ್ತದೆ. ತರಕಾರಿ, ತೆಂಗಿನಕಾಯಿ, ಅಕ್ಕಿ ತುಂಬಿದ ವಾಹನಗಳ ಸಾಲು ಅದು. ರಸ್ತೆಗೆ ಡಾಂಬರು ಬೀಳುವುದು, ಬೀದಿ ದೀಪ ಸರಿಯಾಗುವುದು ಕೂಡ ಪರ್ಯಾಯದ ಹೆಸರಿನಲ್ಲೇ. ಪೆಂಡಾಲಿನವರು, ದೀಪಾಲಂಕಾರದವರು, ಹೂ ಕಟ್ಟುವವರು, ಮಟ್ಟು ಗುಳ್ಳ ಬದನೆ ಬೆಳೆಯುವ ರೈತರು, ಶಂಕರಪುರದ ಮಲ್ಲಿಗೆಯವರು ಎಲ್ಲರ ಮನೆಗೂ ಇದರ ಪಾಲು ಹೋಗುತ್ತದೆ. ನನಗೆ ಪರ್ಯಾಯದಲ್ಲಿ ತುಂಬಾ ಇಷ್ಟವಾಗುವುದು ಇದೇ: ಹಣ ಬೀದಿಯವರೆಗೆ ಹರಿಯುತ್ತದೆ.

ಕಂಬಳ ಕ್ರೀಡೆಯಾ, ಆಚರಣೆಯಾ? ಹೊರಗಿನವರು ಬಂದು ನೋಡಬಹುದಾ?

ಎರಡೂ ಹೌದು. ಹೊರಗಿನವರು ಖಂಡಿತ ಬರಬಹುದು.

ಕೊಯ್ಲು ಮುಗಿದ ಗದ್ದೆಯಲ್ಲಿ ದೈವ ದೇವರ ಹೆಸರಿನಲ್ಲಿ ಕೋಣಗಳನ್ನು ಓಡಿಸುವ ಸಾಂಪ್ರದಾಯಿಕ ಕಂಬಳಗಳು ಇವತ್ತಿಗೂ ಇವೆ. ಉಡುಪಿ, ಕುಂದಾಪುರದ ಕಡೆ ಅಂಥವು ಜಾಸ್ತಿ. ಅವುಗಳಲ್ಲಿ ಸೋಲು ಗೆಲುವಿಗಿಂತ ಗದ್ದೆಗೆ ಕೋಣ ಇಳಿಸುವ ಕಟ್ಟಳೆಯೇ ಮುಖ್ಯ. ನೀವು ವಿಡಿಯೊದಲ್ಲಿ ನೋಡಿದ್ದು ಸಾಮಾನ್ಯವಾಗಿ ಜೋಡುಕರೆ ಕಂಬಳ. ಕೆಸರು ನೀರಿನ ಎರಡು ಕರೆಗಳು, ಅಂದರೆ ಓಟದ ದಾರಿಗಳು, ಅಕ್ಕಪಕ್ಕ ಇರುತ್ತವೆ. ಗಂತಿನಿಂದ (ಓಟ ಶುರುವಾಗುವ ತುದಿ) ಬಿಟ್ಟ ಕೋಣಗಳು ಮಂಜೊಟ್ಟಿಗೆ (ಓಟ ಮುಗಿಯುವ ತುದಿ) ಬಂದು ಮುಟ್ಟಬೇಕು. ಮೂಡುಬಿದಿರೆಯ ಕೋಟಿ-ಚೆನ್ನಯ, ಪುತ್ತೂರಿನ ಕೋಟಿ-ಚೆನ್ನಯ, ಉಪ್ಪಿನಂಗಡಿಯ ವಿಜಯ-ವಿಕ್ರಮ, ಮಿಯ್ಯಾರಿನ ಲವ-ಕುಶ, ಐಕಳದ ಕಾಂತಾಬಾರೆ-ಬೂದಾಬಾರೆ. ಕರೆಗಳಿಗೂ ಹೆಸರಿಟ್ಟ ಊರು ನಮ್ಮದು.

ಓಟದಲ್ಲಿ ವಿಭಾಗಗಳಿವೆ. ನೇಗಿಲು ಮತ್ತು ಹಗ್ಗ, ಅವುಗಳಲ್ಲಿ ಹಿರಿಯ, ಕಿರಿಯ. ಅಡ್ಡ ಹಲಗೆ. ಮತ್ತೆ ಕನೆ ಹಲಗೆ. ಮೊದಲ ಸಲ ಬರುವವರು ಕನೆ ಹಲಗೆ ತಪ್ಪಿಸಬೇಡಿ. ಅಲ್ಲಿ ವೇಗದ ಲೆಕ್ಕವಿಲ್ಲ. ಓಟಗಾರ ತೂತಿರುವ ಹಲಗೆಯ ಮೇಲೆ ಒಂದು ಕಾಲಿಟ್ಟು ನಿಂತು ಹೋಗುತ್ತಾನೆ. ತೂತಿನಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರ ಇಟ್ಟಿರುತ್ತಾರೆ. ನೀರು ಬಟ್ಟೆಗೆ ತಾಗಿದ ಕ್ಷಣ ಇಡೀ ಗದ್ದೆ ಕಿರುಚುತ್ತದೆ.

ಹೊರಗಿನವರ ಕಣ್ಣು ಕಂಬಳದ ಕಡೆ ತಿರುಗಿದ್ದು 2020ರಲ್ಲಿ. ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು ಉಸೇನ್ ಬೋಲ್ಟ್ ಓಟಕ್ಕೆ ಹೋಲಿಸಿ ದೇಶವೆಲ್ಲ ಮಾತಾಡಿತು. ಕೋಣದ ಎಳೆತ ಇರುವ ಕೆಸರಿನ ಓಟವನ್ನೂ ಟ್ರ್ಯಾಕಿನ ಓಟವನ್ನೂ ಹೋಲಿಸುವುದು ಸರಿಯಲ್ಲ. ಆದರೆ ಆ ಒಂದು ಓಟದಿಂದ ಕಂಬಳದ ಹೆಸರನ್ನೇ ಕೇಳದವರು ಕಂಬಳಕ್ಕೆ ಬಂದರು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು.

ಸೀಸನ್ ನವೆಂಬರಿನಿಂದ ಬೇಸಗೆ ಶುರುವಾಗುವ ತನಕ. ಹೆಚ್ಚಾಗಿ ಶನಿವಾರ ಬೆಳಗ್ಗೆ ಆರಂಭವಾಗಿ ಭಾನುವಾರದವರೆಗೆ ಹೋಗುತ್ತದೆ. ಫೈನಲ್ ನೋಡಬೇಕೆಂದರೆ ನಿದ್ದೆ ಬಿಡಬೇಕು. ಟೋಪಿ, ನೀರು, ಕೆಸರಾದರೂ ಬೇಸರವಾಗದ ಬಟ್ಟೆ ಇರಲಿ. ಮಂಜೊಟ್ಟಿಯ ಎದುರು ನಿಲ್ಲಬೇಡಿ. ಓಡಿ ಬಂದ ಕೋಣ ಅಲ್ಲೇ ಮೇಲೇರುವುದು.

ಕಂಬಳ ಕೋಣಗಳಿಗೆ ಹಿಂಸೆ ಅಲ್ವಾ? ಕಾನೂನು ಏನು ಹೇಳುತ್ತದೆ?

ಕೇಳಬೇಕಾದ ಪ್ರಶ್ನೆಯೇ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜಲ್ಲಿಕಟ್ಟಿನ ಜೊತೆ ಕಂಬಳಕ್ಕೂ ತಡೆ ಬಂತು. ಕರ್ನಾಟಕ 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಯಮ ಪಾಲಿಸಿದರೆ ಮಾತ್ರ ಕಂಬಳ ಉಳಿಯುತ್ತದೆ ಎಂಬ ಅರಿವು ಈಗ ಗದ್ದೆಯಲ್ಲೂ ಉಂಟು. ಕೋಣ ಸಾಕುವ ಮನೆಗಳಲ್ಲಿ ಅವುಗಳಿಗೆ ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ಹಚ್ಚಿ ಮೀಯಿಸುತ್ತಾರೆ, ಈಜಿಸುತ್ತಾರೆ. ಆದರೂ ಬೆತ್ತದ ಬಳಕೆಯ ಬಗ್ಗೆ ಬಿಗಿ ಇರಲೇಬೇಕು. ದೂರದಿಂದ ಬಂದ ಪ್ರೇಕ್ಷಕ ಕಣ್ಣು ಬಿಟ್ಟು ನೋಡುತ್ತಿದ್ದಾನೆ ಎಂಬುದೂ ಇದಕ್ಕೆ ಒಳ್ಳೆಯದೇ.

ಅಷ್ಟು ಜನ ಬರುತ್ತಾರೆಂದರೆ ಪ್ರವಾಸಿಗರಿಗಾಗಿ ವರ್ಷವಿಡೀ ಕಂಬಳ ನಡೆಸಬಹುದಲ್ಲ?

ಬೇಡ. ಕಂಬಳಕ್ಕೆ ಬೆಲೆ ಬಂದದ್ದು ಊರಿನವರು ತಮಗಾಗಿ ನಡೆಸಿಕೊಂಡು ಬಂದದ್ದರಿಂದ. ಕೋಣದ ಯಜಮಾನನ ಮರ್ಯಾದೆ, ಊರಿನ ಹೆಸರು, ಹರಕೆ, ಹಠ ಎಲ್ಲ ಸೇರಿದ್ದಕ್ಕೆ ಆ ಕಿರುಚಾಟ ನಿಜವಾಗಿ ಕೇಳಿಸುತ್ತದೆ. ದಿನಾ ಸಂಜೆ 5 ಗಂಟೆಗೆ ಪ್ರದರ್ಶನ ಎಂದು ಬೋರ್ಡು ಹಾಕಿದರೆ ಕೋಣ ಓಡಬಹುದು, ಆದರೆ ಊರು ಅಲ್ಲಿ ಇರುವುದಿಲ್ಲ. ಕೋಣಗಳಿಗೂ ಬಿಡುವು ಬೇಕು.

ಬದಲಿಸಬೇಕಾದ್ದು ಕರೆಯ ಸುತ್ತಲಿನದನ್ನು. ಹೆಂಗಸರಿಗೆ ಶುಚಿಯಾದ ಶೌಚಾಲಯ. ರಾತ್ರಿ ಕೊನೆಯ ಬಸ್. ಓಟ ಅರ್ಥವಾಗದವರಿಗೆ ಸರಳವಾಗಿ ವಿವರಿಸುವ ಒಂದು ಫಲಕ. ಇಷ್ಟು ಮಾಡಿದರೆ ಬಂದವರು ಎರಡು ಗಂಟೆ ಜಾಸ್ತಿ ಇರುತ್ತಾರೆ.

ನೇಮ, ಕೋಲ ನೋಡಲು ಬರಬಹುದೇ?

ಬರಬಹುದು. ಆದರೆ ಅದು ಕಾರ್ಯಕ್ರಮ ಅಲ್ಲ, ದೈವದ ಆರಾಧನೆ. ಒಂದು ಮನೆಯ, ಒಂದು ಊರಿನ ನ್ಯಾಯ, ದುಃಖ, ಭರವಸೆ ಎಲ್ಲ ಆ ಅಂಗಳಕ್ಕೆ ಬರುತ್ತದೆ. ಪರಿಚಯದ ಊರಿನವರ ಜೊತೆ ಬನ್ನಿ. ಚಪ್ಪಲಿ ಹೊರಗೆ ಬಿಡಿ. ಫೋಟೊ ತೆಗೆಯಬಹುದಾ ಎಂದು ಮನೆಯವರನ್ನು ಕೇಳಿ, ಬೇಡ ಎಂದರೆ ಬೇಡ. ಪಾಡ್ದನ (ದೈವದ ಕಥೆಯ ಹಾಡು) ಹೇಳುವಾಗ, ದೈವ ನುಡಿ ಕೊಡುವಾಗ ಮಾತಾಡಬೇಡಿ. ದೈವದ ಕೂಗನ್ನು ಅನುಕರಿಸಿ ರೀಲ್ಸ್ ಮಾಡುವುದು ನಮಗೆ ನೋವು ಕೊಡುತ್ತದೆ. ಊಟಕ್ಕೆ ಕರೆದರೆ ಕೂತು ಊಟ ಮಾಡಿ. ಕರೆದೇ ಕರೆಯುತ್ತಾರೆ.

ಹೋಟೆಲ್ ವೇದಿಕೆಯ ಮೇಲೆ, ಮದುವೆ ರಿಸೆಪ್ಶನ್‌ನಲ್ಲಿ ಕೋಲ ಮಾಡಿಸುವುದಕ್ಕೆ ದಯವಿಟ್ಟು ದುಡ್ಡು ಕೊಡಬೇಡಿ.

ಯಕ್ಷಗಾನ ಅರ್ಥವಾಗದಿದ್ದರೂ ನೋಡಬಹುದಾ? ಎಲ್ಲಿ ಸಿಗುತ್ತದೆ?

ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯ (ಮೇಳಗಳು ತಿರುಗಾಟ ಮುಗಿಸುವ ದಿನ) ತನಕ ಪ್ರತಿ ರಾತ್ರಿ ಎಲ್ಲೋ ಒಂದು ಕಡೆ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಇದ್ದೇ ಇರುತ್ತದೆ. ಕಟೀಲು, ಧರ್ಮಸ್ಥಳದ ಮೇಳಗಳದ್ದು ತೆಂಕುತಿಟ್ಟು ಶೈಲಿ. ಮಂದಾರ್ತಿ ಮೇಳದ್ದು ಬಡಗುತಿಟ್ಟು. ಹರಕೆಯ ಆಟಕ್ಕೆ ಟಿಕೆಟ್ ಇಲ್ಲ. ಗದ್ದೆಯಲ್ಲಿ ಕುರ್ಚಿ ಹಾಕಿರುತ್ತಾರೆ, ಹೋಗಿ ಕೂತುಕೊಳ್ಳಿ. ಈಗ ಎಷ್ಟೋ ಆಟಗಳು ಕಾಲಮಿತಿಯಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಮಕ್ಕಳಿದ್ದವರಿಗೆ ಅದೇ ಅನುಕೂಲ. ಮಾತು ಅರ್ಥವಾಗದವರಿಗೆ ದೇವಿ ಮಹಾತ್ಮೆಯ ಮಹಿಷಾಸುರನ ಪ್ರವೇಶ ಸಾಕು. ಪ್ರೇಕ್ಷಕರ ನಡುವಿನಿಂದಲೇ ದೊಂದಿ, ಬೆಂಕಿ, ಕೂಗಿನ ಜೊತೆ ಬರುತ್ತಾನೆ.

ಮಂಗಳೂರಿನಲ್ಲಿ ಸರ್ಫಿಂಗ್ ಇದೆ ಅಂತಾರೆ. ನಿಜವಾ?

ನಿಜ. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ 2004ರ ಹೊತ್ತಿನಿಂದ ಇದೆ. ಭಾರತದಲ್ಲಿ ಸರ್ಫಿಂಗ್ ಎಂಬ ಆಟ ಬೇರೂರಿದ್ದರಲ್ಲಿ ಈ ಪುಟ್ಟ ಊರಿನ ಪಾಲು ದೊಡ್ಡದು. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಪಣಂಬೂರಿನಲ್ಲೂ ಸಸಿಹಿತ್ಲಿನಲ್ಲೂ ನಡೆದಿದೆ. ಮೇ ಕೊನೆಯ, ಜೂನ್ ಮೊದಲ ದಿನಗಳಲ್ಲಿ ಇದನ್ನು ಇಡುವುದಕ್ಕೆ ಕಾರಣ ಮಳೆಗಾಲಕ್ಕೆ ಮುಂಚಿನ ಅಲೆ.

ಇದು ಊರಿಗೆ ಯಾಕೆ ಮುಖ್ಯ ಗೊತ್ತಾ? ಆ ಹೊತ್ತಿಗೆ ಉಳಿದ ಪ್ರವಾಸಿಗರು ಕಡಿಮೆಯಾಗಿರುತ್ತಾರೆ. ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ರಜೆ. ಅಂಥ ಖಾಲಿ ದಿನಗಳಲ್ಲಿ ತಮಿಳುನಾಡು, ಕೇರಳ, ಗೋವಾದ ಆಟಗಾರರು ತಂಡ ಕಟ್ಟಿಕೊಂಡು ಬರುತ್ತಾರೆ. ಮೀನುಗಾರರ ಮಕ್ಕಳು ತರಬೇತಿ ಕೊಡುವವರಾಗಿದ್ದಾರೆ. ಕಲಿಯಲು ಬರುವವರಿಗೆ ಮಾತ್ರ ಮಳೆ ಮುಗಿದ ನಂತರದ ಶಾಂತವಾದ ಅಲೆಯೇ ಒಳ್ಳೆಯದು. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಲೇಬೇಡಿ. ಲೈಫ್‌ಗಾರ್ಡ್ ಬೇಡ ಎಂದರೆ ಅದೇ ಕೊನೆಯ ಮಾತು.

ಮ್ಯಾರಥಾನ್, ಈಜು ಸ್ಪರ್ಧೆಗಳಿಗೆ ಬಂದವರನ್ನು ಪ್ರವಾಸಿಗರು ಎನ್ನಬಹುದಾ?

ಎನ್ನಬಹುದು. ಓಡುವವರು ಒಬ್ಬರೇ ಬರುವುದಿಲ್ಲ. ಗಂಡ, ಹೆಂಡತಿ, ಮಕ್ಕಳು, ಕೋಚ್ ಜೊತೆಗೆ ಇರುತ್ತಾರೆ. ಓಟ ಭಾನುವಾರ ಬೆಳಗ್ಗೆ ಬೇಗ ಮುಗಿಯುತ್ತದೆ. ಉಳಿದ ದಿನ ಏನು ಮಾಡುವುದು? ಮಂಗಳೂರು ಮ್ಯಾರಥಾನ್, ಮಣಿಪಾಲ ಮ್ಯಾರಥಾನ್‌ಗೆ ಬಂದವರ ಕೈಗೆ ಬಿಬ್ (ಎದೆಗೆ ಹಚ್ಚುವ ನಂಬರ್ ಚೀಟಿ) ಜೊತೆಗೆ ಒಂದು ಪುಟದ ನಕಾಶೆ ಕೊಟ್ಟರೆ ಸಾಕು. ಬನ್ಸ್ ಎಲ್ಲಿ, ಗಡ್‌ಬಡ್ ಐಸ್‌ಕ್ರೀಂ ಎಲ್ಲಿ, ಮಧ್ಯಾಹ್ನ ನೋಡುವುದೇನು, ಸಂಜೆ ಯಕ್ಷಗಾನದ ಆಟ ಎಲ್ಲಿ ಎಂದು. ಮಂಗಳೂರಿನ ಎಮ್ಮೆಕೆರೆಯ ಈಜುಕೊಳದಲ್ಲಿ ಹಿರಿಯರ ರಾಷ್ಟ್ರೀಯ ಈಜು ಸ್ಪರ್ಧೆಯೂ ನಡೆದಿದೆ. ಅಂಥ ಸ್ಪರ್ಧೆಗೆ ಬರುವ ಹಿರಿಯರಿಗೆ ಸಮಯವೂ ಇರುತ್ತದೆ, ನೋಡುವ ಆಸೆಯೂ ಇರುತ್ತದೆ. ಅವರನ್ನು ಕ್ರೀಡಾಂಗಣದಿಂದ ನೇರ ರೈಲು ನಿಲ್ದಾಣಕ್ಕೆ ಕಳಿಸುವುದು ನಮ್ಮ ನಷ್ಟ.

ಹಳೆಯ ಕಟ್ಟಡ, ಬಸದಿ, ಚರ್ಚುಗಳಲ್ಲಿ ಯಾವುದನ್ನು ತಪ್ಪಿಸಬಾರದು?

ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರ ಹೊತ್ತಿಗೆ ಶುರುಮಾಡಿ ಗೋಡೆ, ಛಾವಣಿ ತುಂಬ ಚಿತ್ರ ಬರೆದರು. ಕುತ್ತಿಗೆ ನೋಯುವ ತನಕ ಮೇಲೆ ನೋಡಿ. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ 968ರ ಲೋಕೇಶ್ವರನ ಕಂಚಿನ ಮೂರ್ತಿ ಉಂಟು. ಆಳುಪ ರಾಜ ಕುಂದವರ್ಮನ ಕಾಲದ್ದು. ನಿಮ್ಮ ಊರಿನ ಹಳೆ ಮನೆಯ ಹೆಂಚನ್ನು ತಿರುಗಿಸಿ ನೋಡಿ, ಮಂಗಳೂರಿನ ಹೆಸರು ಇರಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಟದ್ದೂ ಇಲ್ಲಿಂದಲೇ. ಕನ್ನಡ ಓದುವ ಪ್ರತಿಯೊಬ್ಬರೂ ನೋಡಲು ಬರುವಂಥ ಒಂದು ಜಾಗವಾಗಿ ಈ ನೆನಪನ್ನು ನಾವು ಇನ್ನೂ ಚೆನ್ನಾಗಿ ಕಟ್ಟಬೇಕು.

ಒಳನಾಡಿಗೆ ಹೋದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು. ಕಾರ್ಕಳದಲ್ಲಿ 42 ಅಡಿಯ ಗೊಮ್ಮಟ, 1432ರದ್ದು. ವೇಣೂರಿನದು 1604ರದ್ದು. ಕಾರ್ಕಳ, ವೇಣೂರಿನಲ್ಲಿ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಕಾರ್ಕಳದಲ್ಲಿ ಹಿಂದಿನದು ಆದದ್ದು 2015ರಲ್ಲಿ, ವೇಣೂರಿನಲ್ಲಿ 2024ರಲ್ಲಿ. ಕಾರ್ಕಳದ ಪಕ್ಕದ ಅತ್ತೂರು ಚರ್ಚಿನ ಜಾತ್ರೆಗೆ ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ಬರುತ್ತಾರೆ.

ಮಳೆಗಾಲದಲ್ಲಿ ಬಂದರೆ ಏನೂ ಇಲ್ವಾ?

ಯಾರು ಹೇಳಿದ್ದು? ಸೇಂಟ್ ಮೇರೀಸ್ ದ್ವೀಪದ ದೋಣಿ ನಿಲ್ಲುತ್ತದೆ, ಅದು ನಿಜ. ಆದರೆ ತುಳುವರ ಆಟಿ ತಿಂಗಳು ಬರುತ್ತದೆ. ಊರೂರಲ್ಲಿ ಕೆಸರುಗದ್ದೆ ಆಟಗಳು. ಹಗ್ಗಜಗ್ಗಾಟ, ವಾಲಿಬಾಲ್, ಓಟ ಎಲ್ಲ ಕೆಸರಿನಲ್ಲೇ. ಅಮಾವಾಸ್ಯೆಗೆ ಹಾಲೆ ಮರದ ಕಹಿ ಕಷಾಯ. ಪತ್ರೊಡೆ, ಕಣಿಲೆ (ಎಳೆ ಬಿದಿರು), ಚಗಟೆ ಸೊಪ್ಪಿನ ಅಡುಗೆ. ಈ ಕೆಸರುಗದ್ದೆ ಆಟಕ್ಕೆ ಬೆಂಗಳೂರಿನ ಮಕ್ಕಳನ್ನು ಒಮ್ಮೆ ಇಳಿಸಿ ನೋಡಿ. ಹೊರಗೆ ಬರಲು ಒಪ್ಪುವುದಿಲ್ಲ. ಹೋಮ್‌ಸ್ಟೇಯವರು ಇದನ್ನು ಗಟ್ಟಿಯಾಗಿ ಹಿಡಿಯಬೇಕು. ಗದ್ದೆ ನಿಮ್ಮಲ್ಲೇ ಇದೆ.

ನಮ್ಮಲ್ಲಿ ಜನ ಒಂದೇ ರಾತ್ರಿ ಇದ್ದು ಹೋಗುತ್ತಾರೆ. ಎರಡನೇ ರಾತ್ರಿ ನಿಲ್ಲಿಸುವುದು ಹೇಗೆ?

ಮೊದಲ ರಾತ್ರಿಗೆ ಜನರನ್ನು ತರುವುದು ಉತ್ಸವ. ಎರಡನೇ ರಾತ್ರಿಗೆ ನಿಲ್ಲಿಸುವುದು ನೀವು ಹೇಳುವ ಮಾತು. ಬೆಳಗ್ಗೆ ತಿಂಡಿ ಕೊಡುವಾಗ "ಇವತ್ತು ಸಂಜೆ ಪಕ್ಕದ ಊರಲ್ಲಿ ಆಟ ಉಂಟು, ನಾನೇ ಕರ್ಕೊಂಡು ಹೋಗ್ತೇನೆ" ಎಂದರೆ ಅರ್ಧ ಜನ ಚೆಕ್‌ಔಟ್ ಮುಂದೆ ಹಾಕುತ್ತಾರೆ. ಹಾಗೆ ಹೇಳಬೇಕಾದರೆ ವಾರದಲ್ಲಿ ಎಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಮೇಳದ ವೇಳಾಪಟ್ಟಿ, ಕಂಬಳದ ಪಟ್ಟಿ, ಊರಿನ ಜಾತ್ರೆಯ ಆಮಂತ್ರಣ ಗೋಡೆಗೆ ಅಂಟಿಸಿ.

ಇನ್ನೊಂದು, ಮಂಗಳೂರು ಮತ್ತು ಉಡುಪಿ ಬೇರೆ ಬೇರೆ ಅಂಗಡಿಯವರ ಹಾಗೆ ಗಿರಾಕಿಯನ್ನು ಎಳೆಯುವುದು ಬೇಡ. ನಡುವೆ ಇರುವುದು 60 ಕಿಲೋಮೀಟರಿನೊಳಗಿನ ದಾರಿ. ಎಕ್ಸ್‌ಪ್ರೆಸ್ ಬಸ್ಸುಗಳು ಸಾಲಾಗಿ ಓಡುತ್ತವೆ. ಉಡುಪಿಯಲ್ಲಿ ದರ್ಶನ ಮಾಡಿದವರನ್ನು ಮಂಗಳೂರಿಗೆ, ಮಂಗಳೂರಿಗೆ ಬಂದವರನ್ನು ಉಡುಪಿ ಪಕ್ಕದ ಮಲ್ಪೆಗೆ ಕಳಿಸಿಕೊಡಿ.

ರೂಮ್ ಸಿಗುತ್ತಾ?

ಪರ್ಯಾಯದ ದಿನಗಳಲ್ಲಿ ಉಡುಪಿ ಪೇಟೆಯಲ್ಲಿ ಕಷ್ಟ. ಮಣಿಪಾಲ, ಮಲ್ಪೆ, ಕಾಪು, ಕುಂದಾಪುರ ನೋಡಿ. ಮಣಿಪಾಲದಲ್ಲಿ ಘಟಿಕೋತ್ಸವದ ದಿನಗಳಲ್ಲಿ ಹೆತ್ತವರೇ ಎಲ್ಲ ಹಿಡಿದಿರುತ್ತಾರೆ. ದಸರಾಕ್ಕೆ ಮಂಗಳೂರಿನಲ್ಲಿ ಉಳಿಯುವುದಾದರೆ ನಡೆದು ಹೋಗುವಷ್ಟು ಹತ್ತಿರ ರೂಮ್ ಮಾಡಿ.

ನಮ್ಮ ಯುವಕ ಮಂಡಲ ಒಂದು ಹೊಸ ಉತ್ಸವ ಮಾಡಬೇಕೆಂದಿದೆ. ಏನು ಸಲಹೆ?

ಹೊಸದನ್ನು ಮಾಡುವ ಮೊದಲು ಊರಿನಲ್ಲಿ ಈಗಾಗಲೇ ಇರುವುದನ್ನು ನೋಡಿ. ಕೆರೆಯ ಪಕ್ಕದ ಜಾತ್ರೆ, ಗದ್ದೆಯ 'ಕೋರಿ' ಆಚರಣೆ, ನಿಂತು ಹೋದ ತಾಳಮದ್ದಳೆ ಕೂಟ. ಇದ್ದದ್ದಕ್ಕೆ ಬಲ ಕೊಡುವುದು ಹೊಸದಕ್ಕಿಂತ ಕಷ್ಟ, ಆದರೆ ಬಾಳಿಕೆ ಬರುತ್ತದೆ.

ಆಮೇಲೆ ತಾರೀಕು. ನಮ್ಮ ಕಡೆಯ ಅತಿ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ. ಹದಿನೈದು ದಿನ ಮೊದಲು ಫ್ಲೆಕ್ಸ್ ಹಾಕಿದರೆ ಊರಿನವರು ಬರುತ್ತಾರೆ, ಪುಣೆಯವರು ಬರುವುದಿಲ್ಲ. ಅವರಿಗೆ ರಜೆ ಬೇಕು, ರೈಲು ಟಿಕೆಟ್ ಬೇಕು. ಆರು ತಿಂಗಳ ಮೊದಲು ದಿನ ಹೇಳಿ, ಹೇಳಿದ ದಿನವನ್ನು ಬದಲಿಸಬೇಡಿ. ತಣ್ಣೀರುಬಾವಿ, ಪಣಂಬೂರಿನಲ್ಲಿ ನಡೆದ ಗಾಳಿಪಟ ಉತ್ಸವವನ್ನು ನೋಡಿ. ಟೀಮ್ ಮಂಗಳೂರು ಎಂಬ ಹವ್ಯಾಸಿಗಳ ತಂಡ ಕಟ್ಟಿದ್ದು. ಹೊರದೇಶದಿಂದ ಹಾರಿಸುವವರು ಬಂದರು, ಮರಳಿನಲ್ಲಿ ಮಕ್ಕಳೂ ಜೊತೆಗೆ ನಿಂತರು. ಪ್ರೀತಿಯಿಂದ ವರ್ಷಾನುಗಟ್ಟಲೆ ಹಿಡಿದವರ ಕೈಯಲ್ಲಿ ಉತ್ಸವ ಉಳಿಯುತ್ತದೆ.

ಕಸದ ವಿಷಯ ಕೊನೆಗೆ ಬಿಡಬೇಡಿ. ಪ್ಲಾಸ್ಟಿಕ್ ಲೋಟ ಬೇಡ ಎಂದು ಮೊದಲ ಸಭೆಯಲ್ಲೇ ತೀರ್ಮಾನಿಸಿ. ಮರುದಿನ ಗುಡಿಸುವವರಿಗೆ ಸಂಬಳ, ತಿಂಡಿ ಎರಡನ್ನೂ ಬಜೆಟ್ಟಿನಲ್ಲಿ ಬರೆಯಿರಿ.

ಒಂದೇ ಸಲ ಬರಲು ಆಗುವುದು. ಯಾವ ತಿಂಗಳು?

ಜನವರಿ. ಸಂಕ್ರಾಂತಿಯ ಹೊತ್ತಿಗೆ ಉಡುಪಿಯಲ್ಲಿ ಸಪ್ತೋತ್ಸವ. ಸಂಕ್ರಾಂತಿಯ ರಾತ್ರಿ ಮೂರು ತೇರು, ಮರುದಿನ ಹಗಲು ತೇರು. ಸಮ ವರ್ಷವಾದರೆ ಅದರ ಬೆನ್ನಿಗೇ ಪರ್ಯಾಯ. ವಾರದ ಕೊನೆಗೆ ಎಲ್ಲೋ ಒಂದು ಕಂಬಳ, ರಾತ್ರಿ ಆಟ, ತಿಂಗಳ ಕೊನೆಗೆ ಅತ್ತೂರು ಜಾತ್ರೆ. ಮಲ್ಪೆಯ ದೋಣಿಯೂ ಓಡುತ್ತಿರುತ್ತದೆ, ಸೇಂಟ್ ಮೇರೀಸ್ ದ್ವೀಪದ 8 ಕೋಟಿ ವರ್ಷಕ್ಕೂ ಹಳೆಯ ಕಲ್ಲಿನ ಕಂಬಗಳನ್ನು ನೋಡಬಹುದು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಪರ್ಯಾಯಕ್ಕೆ ಬರುವುದಾದರೆ ನವೆಂಬರ್ ಮಧ್ಯದಲ್ಲೇ ಟಿಕೆಟ್ ಮಾಡಿ, ರೂಮ್ ಅದಕ್ಕೂ ಮೊದಲು.